ಕ್ಯಾಲೆಂಡರಿನ ಮೇಲಿದ್ದ ಪಾಸ್‌ವರ್ಡ್

ಚನ್ನಪಟ್ಟಣ
12-6-2007

ನಮ್ಮ ಗೊಂಬೆ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಕೆಂಪರಾಜು ಅವರಿಗೆ, ಮ್ಯಾನೇಜರ್ ಅನಂತರಾಜು ಮಾಡುವ ನಮಸ್ಕಾರ.

ಕೆಲಸ ಹೋದ ಮೇಲೆ ಊರಲ್ಲಿ ಆರಾಮಾಗಿದ್ದೀರಂತೆ, ಸಂತೋಷ.

ಹೊರದೇಶಕ್ಕೆ ಕಳಿಸಿದ ಗೊಂಬೆಗಳೆಲ್ಲ ಬಿರುಕು ಬಿಟ್ಟು ವಾಪಸ್ ಬಂದಿವೆ. ಗೊಂಬೆಗೆ ತರಿಸಿದ ಆಲೆ ಮರ ಇಳಿದ ದಿನವೇ ಹೊಸ ಕಂಪ್ಯೂಟರ್ ಅದನ್ನು ಕೆಲಸಕ್ಕೆ ರೆಡಿ ಇರುವ ಸ್ಟಾಕ್ ಅಂತ ತೋರಿಸಿತು. ನೀವು ಒಂದು ತುಂಡನ್ನು ಕಿವಿ ಹತ್ತಿರ ಹಿಡಿದು ತಟ್ಟಿ, "ಇನ್ನೂ ಹಸಿ ಐತೆ ಸಾ, ಎರಡು ತಿಂಗ್ಳು ಒಣಗ್ಲಿ" ಅಂದಿರಿ. ತಟ್ಟಿ ನೋಡಿದ್ದನ್ನು ಬರೆಯಲು ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂದು ಎಲ್ಲರೂ ನಕ್ಕೆವು. ನೀವು ಹಟ ಬಿಡಲಿಲ್ಲ; ಮುಂದಿನ ವಾರ ನಿಮ್ಮನ್ನು ಮನೆಗೆ ಕಳಿಸಿದೆವು.

ಆ ಹಸಿ ಮರವನ್ನು ಸ್ಟೋರಿನಿಂದ ಕೆಲಸಕ್ಕೆ ಕೊಟ್ಟವರು ಯಾರೆಂದು ಯಜಮಾನರು ಈಗ ಕೇಳುತ್ತಿದ್ದಾರೆ. ಕಂಪ್ಯೂಟರ್ ನಿಮ್ಮ ಹೆಸರು ತೋರಿಸುತ್ತಿದೆ. ನೀವು ಊಟಕ್ಕೆ ಹೋದಾಗ ನಿಮ್ಮ ಪಾಸ್‌ವರ್ಡ್ ಹಾಕಿ ಕೊಟ್ಟವನು ನಾನು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಪಾಸ್‌ವರ್ಡನ್ನು ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟವರು ನೀವೇ ಅಲ್ಲವೇ?

ಸೋಮವಾರ ಬಂದು ತಪ್ಪೊಪ್ಪಿಗೆಗೆ ಸಹಿ ಹಾಕಿ. ನಿಮಗೆ ಶ್ರಮ ಬೇಡವೆಂದು ನಾನೇ ಬರೆದಿಟ್ಟಿದ್ದೇನೆ. ನಿಮ್ಮ ಮಗಳು ಲತಾಮಣಿ ಇನ್ನೂ ನಮ್ಮ ಪ್ಯಾಕಿಂಗಿನಲ್ಲೇ ಇದ್ದಾಳೆ, ಒಳ್ಳೆಯ ಹುಡುಗಿ.

ಅಂದು ಹೊಸ ಮರದ ಲೋಡ್ ಇಳಿಯುತ್ತದೆ. ಸಹಿ ಆದ ಮೇಲೆ ಒಸಿ ತಟ್ಟಿ ನೋಡಿ ಹೋಗಿ.

ಇಂತಿ ನಿಮ್ಮವ,
ಅನಂತರಾಜು