ನಿನ್ನ ಹೆಸರಲ್ಲಿ ಓಡಿದ ಲಾರಿ

ಚಿಂತಾಮಣಿ
14-11-2025, ಶುಕ್ರವಾರ

ಚಿ. ಯಾಮಿನಿಗೆ,

‘ಚಿ.’ ಬರೆದಾದ ಮೇಲೆ ‘ಸೌ.’ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ. ಕೊನೆಗೆ ಬಿಟ್ಟೆ. ಅದು ನನ್ನ ಮಗ ಮುರಳಿಯ ಕಡೆಯಿಂದ ನಿನಗೆ ಬಂದಿದ್ದ ಅಕ್ಷರ, ಕೋರ್ಟಿನವರು ಬಿಡಿಸಿಕೊಟ್ಟು ಎಂಟು ತಿಂಗಳಾಯಿತು. ‘ಚಿ.’ ಮಾತ್ರ ನನ್ನದು. ಅದನ್ನು ತೆಗಿ ಎಂದು ಯಾವ ಜಡ್ಜೂ ಹೇಳುವಂತಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ‘ಪರವಾಗಿಲ್ಲ ಬಿಡಿ ಅತ್ತೆ, ಊಟ ಆಯ್ತಾ’ ಅಂತ ಮಾತು ತಿರುಗಿಸಿಬಿಡುತ್ತೀಯ. ನಿನ್ನ ಆ ‘ಪರವಾಗಿಲ್ಲ’ಕ್ಕೆ ಹೆದರಿಯೇ ಹಾಳೆ ಹಿಡಿದು ಕೂತಿದ್ದೇನೆ. ಇವತ್ತು ಮಕ್ಕಳ ದಿನ. ಹಳೆಯ ಶಾಲೆಯಲ್ಲಿ ಕರೆದಿದ್ದರು, ನಿವೃತ್ತ ಹೆಡ್‌ಮೇಡಮ್ಮು ಬಂದು ಎರಡು ಬುದ್ಧಿಮಾತು ಹೇಳಬೇಕಂತೆ. ಮಂಡಿ ನೋವು ಎಂದೆ. ಯಾವ ಬಾಯಲ್ಲಿ ಹೇಳಲಿ ಬುದ್ಧಿಮಾತು?

ವಿಷಯಕ್ಕೆ ಬರುತ್ತೇನೆ. ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಕೈಕೊಡುತ್ತಿದೆ. ಹೊಸದು ಹಾಕಿಸಲೋ ಬೇಡವೋ, ನೀನೇ ಹೇಳಬೇಕು.

ಮೊದಲು ಫ್ಯಾನು ಕೂಗುವುದಕ್ಕೆ ಶುರುವಾಯಿತು. ಪಕ್ಕದ ಮನೆಯವರು ಮಿಕ್ಸಿ ಕೆಟ್ಟಿದೆಯಾ ಮೇಡಮ್ ಎಂದು ಕೇಳಿದರು, ಹೌದು ಎಂದೆ. ಆಮೇಲೆ ಪರದೆಯ ಮೇಲೆ ಹಸಿರು ಗೆರೆ. ಉಮರ್ ಫಾರೂಕ್‌ನನ್ನು ಕರೆಸಿದೆ. ನಿನ್ನ ಜೊತೆ ಕೂತು ಆ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಅವನೇ ಅಲ್ಲವೇ, ನಾಲ್ಕನೇ ತರಗತಿಯಲ್ಲಿ ಏಳರ ಮಗ್ಗಿ ತಪ್ಪಿ ನನ್ನ ಮುಂದೆ ಬಸ್ಕಿ ಹೊಡೆದವನು. ಈಗ ಅವನು ನನಗೆ ಪಾಠ ಹೇಳುತ್ತಾನೆ. ಡಬ್ಬ ಬಿಚ್ಚಿ, ಊದಿ, ಒರೆಸಿ, ‘ಕಾರ್ಡಿಗೆ ವಯಸ್ಸಾಗೋಯ್ತು ಮಿಸ್. ಲಾರಿ ಆಟದ ಹೊಸ ವರ್ಷನ್ನು ಇದ್ರಲ್ಲಿ ಓಡಲ್ಲ. ಹಳೇದನ್ನ ಇನ್ನೊಂದು ಸ್ವಲ್ಪ ದಿನ ತಳ್ಬೋದು ಅಷ್ಟೆ’ ಎಂದ. ಸರಿ, ಹೊಸ ಕಾರ್ಡು ಹಾಕಪ್ಪ ಎಂದರೆ, ಅದಕ್ಕೆ ಈಗಿರುವ ಪವರ್ ಸಪ್ಲೈ ಸಾಲದಂತೆ, ಅದನ್ನು ಬದಲಾಯಿಸಿದರೆ ಡಬ್ಬದೊಳಗೆ ಜಾಗ ಸಾಲದಂತೆ. ಒಂದು ಹಲ್ಲು ಕಟ್ಟಿಸಲು ಹೋದವಳಿಗೆ ಡಾಕ್ಟರು ಪೂರ್ತಿ ಸೆಟ್ಟು ಹೇಳಿದ ಹಾಗಾಯಿತು.

ಸದ್ಯಕ್ಕೆ ಚಿತ್ರದ ಸೆಟ್ಟಿಂಗುಗಳನ್ನೆಲ್ಲ ಕಡಿಮೆಗೆ ಇಳಿಸಿಕೊಟ್ಟು ಹೋಗಿದ್ದಾನೆ. ಆಟ ಓಡುತ್ತದೆ. ಆದರೆ ರಸ್ತೆಯ ಪಕ್ಕ ಮರಗಳಿಲ್ಲ. ಮಳೆ ಬರುವುದಿಲ್ಲ. ನನ್ನ ಲಾರಿಗೆ ನೆರಳೇ ಬೀಳುವುದಿಲ್ಲ. ಆ ಬೋಳು ರಸ್ತೆಯಲ್ಲಿ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಬ್ಬಳೇ ಲಾರಿ ಓಡಿಸುತ್ತಿದ್ದೇನೆ ಕಣೇ.

ಮುರಳಿ ಅಂಗಡಿಗೆ ಹೋದ ಮೇಲೆ ಈ ಮನೆ ಹೇಗಿರುತ್ತದೆಂದು ನಿನಗೆ ಗೊತ್ತು. ಈಗ ಇನ್ನೂ ಮೌನ. ಫ್ರಿಡ್ಜು ನಿಂತರೆ ನಿಂತಿತು ಎಂದು ಗೊತ್ತಾಗುತ್ತದೆ. ಅವನಿಗೆ ಬೀಜ, ಗೊಬ್ಬರ, ಔಷಧಿ, ರೈತರ ಜೊತೆ ಮಾತಾಡಿ ಮಾತಾಡಿ ಸಂಜೆಗೆ ಗಂಟಲು ಬಿದ್ದಿರುತ್ತದೆ. ನನಗೆ ಬೆಳಿಗ್ಗೆಯಿಂದ ಬಾಯಿ ತೆರೆದಿಲ್ಲವಲ್ಲ ಎಂದು ಸಂಜೆ ನೆನಪಾಗುತ್ತದೆ.

ನಾನು ನಿವೃತ್ತಳಾದ ವರ್ಷ ನೀನೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು. ಮೊದಲು ಬೈದಿದ್ದೆ, ‘ಮದ್ವೆ ಆಗಿರೋ ಹುಡುಗಿ ಆಡೋ ಆಟವೇನೇ ಇದು’ ಅಂತ. ನೀನು ನಕ್ಕು, ಒಂದು ಸಲ ಹಿಡಿದು ನೋಡಿ ಅತ್ತೆ ಎಂದೆ. ನಮ್ಮಪ್ಪ ಇಲ್ಲಿಂದ ಮದ್ರಾಸಿಗೆ ಟೊಮೆಟೊ ಲಾರಿ ಓಡಿಸುತ್ತಿದ್ದವರು, ಹೆಣ್ಣುಮಕ್ಕಳನ್ನು ಕ್ಯಾಬಿನ್ ಹತ್ತಿಸಿದವರೇ ಅಲ್ಲ. ಅರವತ್ತು ತುಂಬಿದವಳಿಗೆ ಹದಿನಾರು ಚಕ್ರದ ಲಾರಿ ಕೈಗೆ ಸಿಕ್ಕರೆ ಬಿಟ್ಟಾಳೆಯೇ? ಯಾವ್ಯಾವುದೋ ಪರದೇಶದ ಹೆದ್ದಾರಿ, ಯಾವ್ಯಾವುದೋ ಲೋಡು. ನಾನು ಎಲ್ಲವನ್ನೂ ಟೊಮೆಟೊ ಎಂದುಕೊಂಡೇ ಸಾಗಿಸಿದೆ. ನಾನು ಡ್ರೈವರು, ನೀನು ಕ್ಲೀನರು. ನೀನು ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಳು ಹಿತಕುತ್ತಾ, ನಾನು ಲಾರಿ ಹಿಂದಕ್ಕೆ ತೆಗೆಯುವಾಗ ತಲೆಯೆತ್ತಿ ‘ಬರ್ಲಿ, ಬರ್ಲಿ, ರೈಟು ಕಟ್ಟಿ ಅತ್ತೆ, ಓಲ್ಡಾನ್’ ಎಂದು ಕೂಗುತ್ತಿದ್ದೆ. ಹಿಂದಕ್ಕೆ ತೆಗೆಯುವುದು ನನಗೆ ಇನ್ನೂ ಬಂದಿಲ್ಲ. ಒಂದು ದಿನ ‘ಬರ್ಲಿ ಬರ್ಲಿ’ ಎಂದು ನಾನೇ ಹೇಳಿಕೊಂಡು ನೋಡಿದೆ, ಅಳು ಬಂತು. ಈಗ ಲೋಡನ್ನು ಗೇಟಿನ ಹತ್ತಿರವೇ ಬಿಟ್ಟು ಬರುತ್ತೇನೆ, ಸಿಕ್ಕಷ್ಟು ಅಂಕ ಸಿಗಲಿ.

ಇಷ್ಟು ಬರೆದು ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದೆ. ಕಾರ್ಡಿನ ಮಾತು ಅರ್ಧ ಆಯಿತು, ಇನ್ನರ್ಧ ನಾಲಿಗೆಗೆ ಬರುತ್ತಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಹಾಲಿನಲ್ಲಿ ನಡೆದ ಪಂಚಾಯ್ತಿ ನೀನು ಮರೆತಿರಲಾರೆ. ನಿನಗೂ ಮುರಳಿಗೂ ಅದಕ್ಕೆ ಮೊದಲೇ ಮಾತು ಕಮ್ಮಿಯಾಗಿತ್ತು, ಆ ಕಾರಣಗಳು ನಿಮ್ಮಿಬ್ಬರವು, ಅವಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಹಿರಿಯರ ಮುಂದೆ ಅವನು ಎತ್ತಿದ್ದು ಆ ಕಾರಣಗಳನ್ನಲ್ಲ. ಫೋನಿನಲ್ಲಿ ತೆಗೆದುಕೊಂಡಿದ್ದ ಫೋಟೋ ತೋರಿಸಿದ. ಆಟದ ಪರದೆ. ನಿನ್ನ ಹೆಸರು. ಅದರ ಕೆಳಗೆ, ಆಡಿದ ಸಮಯ 1,340 ಗಂಟೆ. ಫೋನು ಕೈಯಿಂದ ಕೈಗೆ ಹೋಯಿತು. ನಮ್ಮ ಕೋನಪ್ಪ ಬಾವ ಕನ್ನಡಕ ಏರಿಸಿಕೊಂಡು ಓದಿ, ‘ಏಮಪ್ಪಾ ಇದು! ಇಷ್ಟೊತ್ತು ಕಂಪ್ಯೂಟ್ರು ಮುಂದೆ ಕುಂತ್ರೆ ಸಂಸಾರ ಯಾವಾಗ ಮಾಡ್ತಾಳೆ?’ ಎಂದರು. ಎಲ್ಲರೂ ನಕ್ಕರು. ನಿಮ್ಮಪ್ಪ ಮುನಿವೆಂಕಟಪ್ಪನವರು ಮಾತ್ರ ನೆಲ ನೋಡುತ್ತಾ ಕೂತುಬಿಟ್ಟರು.

ಅದರಲ್ಲಿ ನಿನ್ನವು ನೂರು ಗಂಟೆ ಇದ್ದರೆ ಹೆಚ್ಚು. ಮಿಕ್ಕದ್ದೆಲ್ಲ ನನ್ನವು. ನಾನು ಆಡುವಾಗ ನೀನು ಪಕ್ಕದಲ್ಲಿ ಕೂತು ಈ ಮನೆಯ ಕೆಲಸ ಮಾಡುತ್ತಿದ್ದೆ. ನೀನು ನನ್ನ ಕಡೆ ಒಂದೇ ಒಂದು ಸಲ ನೋಡಿದೆ. ನಾನು ಹೇಳುತ್ತೇನೆಂದು ನೋಡಿದೆಯೋ, ಹೇಳಬೇಡಿ ಎಂದು ನೋಡಿದೆಯೋ, ಇವತ್ತಿಗೂ ಗೊತ್ತಿಲ್ಲ. ನಾನು ಸುಮ್ಮನಿದ್ದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸು ಮಧ್ಯಾಹ್ನವೆಲ್ಲ ಲಾರಿ ಆಟ ಆಡುತ್ತಾಳೆಂದು ಬಾವನ ಮುಂದೆ ಹೇಳಿಕೊಳ್ಳಲು ನಾಚಿಕೆಯಾಯಿತು. ನಾಚಿಕೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದೆ, ಸಿಗಲಿಲ್ಲ.

ಸುಮ್ಮನಿದ್ದೆ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ನೀನು ಒಳಗೆ ಬಟ್ಟೆ ಜೋಡಿಸಲು ಎದ್ದುಹೋದ ಮೇಲೆ ಬಾವ ನನ್ನನ್ನು ಕೇಳಿದರು, ‘ನೀನು ದೊಡ್ಡೋಳು, ಒಂದು ಮಾತು ಬುದ್ಧಿ ಹೇಳ್ಬಾರ್ದಾಗಿತ್ತೇನಮ್ಮ’ ಎಂದು. ನಾನು, ‘ಹೇಳ್ದೆ ಬಾವ, ಕೇಳ್ಬೇಕಲ್ಲ’ ಎಂದೆ. ನಿನಗೆ ಕೇಳಿಸಿತೋ ಇಲ್ಲವೋ ತಿಳಿಯದು. ನಿಮ್ಮಪ್ಪನಿಗೆ ಕೇಳಿಸಿತು. ಆಗಲೇ ಅವರು ಎದ್ದು ನಿಂತದ್ದು. ಇದನ್ನು ಬರೆಯಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ನೀನು ಎರಡು ಸೂಟ್‌ಕೇಸು ತೆಗೆದುಕೊಂಡು ಹೋದೆ, ಕಂಪ್ಯೂಟರು ಬಿಟ್ಟುಹೋದೆ. ಕೋಪಕ್ಕೆ ಬಿಟ್ಟಳು ಎಂದುಕೊಂಡಿದ್ದೆ. ಒಂದು ತಿಂಗಳು ಅದರ ಮೇಲೆ ಬೆಡ್‌ಶೀಟ್ ಹೊದಿಸಿದ್ದೆ. ಆಮೇಲೆ ಒಂದು ಮಧ್ಯಾಹ್ನ ತಡೆಯಲಾಗದೆ ಒತ್ತಿದೆ, ನಿನ್ನ ಹೆಸರಿನಲ್ಲೇ ತೆರೆದುಕೊಂಡಿತು. ಅಂದಿನಿಂದ ದಿನಾ ಇವತ್ತು ತೆರೆಯಲಿಕ್ಕಿಲ್ಲ ಎಂದುಕೊಂಡೇ ಒತ್ತುತ್ತೇನೆ, ದಿನಾ ತೆರೆಯುತ್ತದೆ. ಉಮರ್‌ನನ್ನು ಕೇಳಿದೆ. ‘ಯಾಮಿನಿ ಅಕ್ಕ ಚಿಕ್ಕಬಳ್ಳಾಪುರದಿಂದಾನೇ ಈ ಅಕೌಂಟನ್ನ ಇಲ್ಲಿ ಬಂದ್ ಮಾಡ್ಬೋದಿತ್ತು ಮಿಸ್, ಒಂದು ನಿಮಿಷದ ಕೆಲ್ಸ. ಮಾಡಿಲ್ಲ. ನೀವು ಆಡೋದು ಅವ್ರಿಗೆ ಅಲ್ಲಿ ಕಾಣ್ತಾನೂ ಇರತ್ತೆ’ ಎಂದ. ಅಂದರೆ ನನ್ನ ಗಂಟೆಗಳು ಏರುವುದನ್ನು ನೀನು ನೋಡುತ್ತಿದ್ದೀಯ. ಇವತ್ತಿಗೆ 2,112. ನೀನು ಈ ಮನೆಯ ಹೊಸ್ತಿಲು ದಾಟಿದ ಮೇಲೆ ನಿನ್ನ ಹೆಸರಿಗೆ ಏಳುನೂರ ಎಪ್ಪತ್ತೆರಡು ಗಂಟೆ ಸೇರಿದೆ.

ಅವನು ಇನ್ನೂ ಎರಡು ಮಾತು ಹೇಳಿದ. ಮುದ್ದೇನಹಳ್ಳಿ ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲೆ ನೀನು ಹೊಸ ಕಂಪ್ಯೂಟರ್ ಕಟ್ಟಿಕೊಂಡೆಯಂತೆ, ಅವನೇ ಸಾಮಾನು ಕಳಿಸಿದನಂತೆ. ಆ ಸಾಮಾನಿನ ವಿಚಾರಕ್ಕೆ ದೀಪಾವಳಿಯ ದಿನ ಅವನು ಫೋನ್ ಮಾಡಿದಾಗ ನೀನು ರೂಮಿನಲ್ಲೇ ಇದ್ದೆಯಂತೆ. ಊರಿಗೆ ಹೋಗಲಿಲ್ಲವಾ ಅಕ್ಕಾ ಎಂದರೆ, ಅಪ್ಪ ಮಾತು ಬಿಟ್ಟು ಒಂದು ವರ್ಷ ಆಯಿತು ಉಮರ್ ಎಂದೆಯಂತೆ. ಅವನು ಅದನ್ನು ಹೇಳಿದಾಗ ನಾನು ಸ್ಕ್ರೂಡ್ರೈವರು ಎತ್ತಿಕೊಡುತ್ತಿದ್ದೆ. ಇನ್ನೊಂದು ಸಲ ಹೇಳಪ್ಪ ಎಂದೆ.

ಇನ್ನೊಂದು ಮಾತು, ಹೊಸ ವರ್ಷನ್ನಿನಲ್ಲಿ ಬೇರೆ ಬೇರೆ ಊರಿನವರು ಒಂದೇ ರಸ್ತೆಯಲ್ಲಿ ಜೊತೆಗೆ ಓಡಿಸಬಹುದಂತೆ. ‘ನೀವು ಇಲ್ಲಿಂದ, ಅಕ್ಕ ಅಲ್ಲಿಂದ, ಮುಂದೆ ಒಂದು ಲಾರಿ ಹಿಂದೆ ಒಂದು ಲಾರಿ’ ಎಂದ. ನಿಜ ಹೇಳಿಬಿಡುತ್ತೇನೆ, ನನಗೆ ಹೊಸ ಕಾರ್ಡಿನ ಆಸೆ ಹುಟ್ಟಿದ್ದು ಆ ಕ್ಷಣ. ಮರ ಬೇಕು, ನೆರಳು ಬೇಕು ಅನ್ನುವುದೆಲ್ಲ ನೆಪ. ನಿನ್ನ ಲಾರಿ ನನ್ನ ಕನ್ನಡಿಯಲ್ಲಿ ಕಂಡರೆ ಸಾಕು.

ಆದರೆ ಆ ಪಂಚಾಯ್ತಿಯ ಕೊಳೆ ತೊಳೆಯದೆ ‘ಬಾ, ಆಡೋಣ’ ಎಂದು ಯಾವ ಮುಖ ಇಟ್ಟುಕೊಂಡು ಕರೆಯಲಿ? ಇವತ್ತು ಬೆಳಿಗ್ಗೆ ಮುರಳಿಗೆ ಎಲ್ಲ ಹೇಳಿದೆ. ಅವನಿಗೆ ಹೆಣ್ಣು ನೋಡುವ ಮಾತು ನಡೆಯುತ್ತಿದೆ, ಬರುವವರ ಕಣ್ಣಿಗೆ ಬೀಳಬಾರದು, ಆ ಡಬ್ಬ ತೆಗೆಸಿಬಿಡಮ್ಮ ಎಂದು ವಾರದಿಂದ ಹೇಳುತ್ತಿದ್ದ. ಕರೆದು ಕೂರಿಸಿ ಪರದೆ ತೋರಿಸಿದೆ. ‘ಅವ್ಳು ಹೋದ್ಮೇಲೂ ಇದು ಏರಿದ್ಯಲ್ಲಪ್ಪ, ಯಾರು ಆಡಿರ್ತಾರೆ ಹೇಳು’ ಎಂದೆ. ಮೊದಲು ನಂಬಲಿಲ್ಲ. ನಾನೇ ಕೂತು ಹತ್ತು ಕಿಲೋಮೀಟರು ಓಡಿಸಿ ತೋರಿಸಿದೆ. ಬೆನ್ನ ಹಿಂದೆ ನಿಂತು ನೋಡಿದ. ‘ಎಲ್ಲಾ ಮುಗಿದ್ಮೇಲೆ ಹೇಳ್ತಿದೀಯಲ್ಲಮ್ಮ’ ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ತಿಂಡಿ ಬಿಟ್ಟು ಅಂಗಡಿಗೆ ಹೋದ, ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ನಿನ್ನನ್ನು ವಾಪಸ್ಸು ಬಾ ಎಂದು ಕೇಳುತ್ತಿಲ್ಲ. ಕ್ಷಮಿಸು ಎಂದು ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ತೀರಾ ಸುಲಭವಾಯಿತು. ಬಯ್ಯುವುದಿದ್ದರೆ ಬಯ್ದು ಬರೆ. ಉಮರ್ ಇಪ್ಪತ್ತಮೂರನೇ ತಾರೀಕು ಭಾನುವಾರ ಬರುತ್ತಾನೆ. ಹಾಕು ಎಂದರೆ ಹಾಕುತ್ತಾನೆ, ಬೇಡ ಎಂದರೆ ಡಬ್ಬ ಹೊತ್ತುಕೊಂಡು ಹೋಗುತ್ತಾನೆ. ನಿನ್ನಿಂದ ಏನೂ ಬರದಿದ್ದರೆ ಬೇಡ ಎಂದೇ ತಿಳಿದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಸುಳ್ಳು, ಮಾಡಿಕೊಳ್ಳುತ್ತೇನೆ. ಆದರೆ ಅದು ನನ್ನ ಪಾಡು.

ಚಳಿ ಶುರುವಾಗಿದೆ, ನಿಮ್ಮ ಕಡೆ ಬೆಟ್ಟದ ಗಾಳಿ ಜಾಸ್ತಿ. ಕಿವಿಗೆ ಏನಾದರೂ ಕಟ್ಟಿಕೊಂಡು ಓಡಾಡು. ಮಧ್ಯಾಹ್ನದ ಊಟ ತಪ್ಪಿಸಬೇಡ.

ಇಂತು,
ಆ ಗಂಟೆಗಳನ್ನೆಲ್ಲ ಆಡಿದವಳು,
ಮಂಗಮ್ಮ

ಮತ್ತೊಂದು ಮಾತು, ಶನಿವಾರ ಬರೆದದ್ದು:

ಲಕೋಟೆಯ ಮೇಲಿನ ಮುದ್ರೆ ನೋಡಿಕೋ, ಚಿಂತಾಮಣಿಯದಲ್ಲ, ತೊಂಡೇಬಾವಿಯದು. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ನಿಮ್ಮಪ್ಪನ ಮನೆಗೆ ಬಂದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಲು ಅರ್ಧ ಗಂಟೆ ಕೂತಿದ್ದೆ, ನಿನಗೆ ಫೋನ್ ಮಾಡಲಿಲ್ಲ. ಮೊದಲು ಅವರಿಗೆ ಹೇಳಬೇಕಿತ್ತು. ಬೀಗಿತ್ತಿ ಎನ್ನಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಬನ್ನಿ ಮೇಡಮ್ ಎಂದರು. ನಾನು ಹೊಸ್ತಿಲಲ್ಲೇ ನಿಂತು, ಬಾವನಿಗೆ ಹೇಳಿದ ಆ ಒಂದು ಮಾತನ್ನೂ ಸೇರಿಸಿ, ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ‘ಅವತ್ತು ಬಸ್ಸಲ್ಲಿ ಊರಿಗ್ ಬರೋವರ್ಗೂ ಬಯ್ಕೊಂಡೇ ಬಂದ್ನಲ್ಲಮ್ಮ ನಾನು. ನಿಮ್ ಹೆಸ್ರು ಒಂದು ಸಲಾನೂ ಎತ್ಲಿಲ್ವಲ್ಲ ನನ್ ಮಗ್ಳು’ ಎಂದು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಈಗ ಕೈಯಲ್ಲಿ ಫೋನು ಹಿಡಿದು ಜಗುಲಿಯ ಮೇಲೆ ಕೂತಿದ್ದಾರೆ, ಹಚ್ಚುತ್ತಾರೆ, ಆರಿಸುತ್ತಾರೆ. ಇವತ್ತೋ ನಾಳೆಯೋ ಮಾಡುತ್ತಾರೆ. ನನ್ನ ಕಾಗದಕ್ಕೆ ಉತ್ತರ ಬರೆಯದಿದ್ದರೂ ಸರಿ, ಅವರ ಫೋನು ಮಾತ್ರ ಎತ್ತಮ್ಮ.