ಹೊತ್ತು ಮುಳುಗಿದರೂ ಮುಗಿಯದ ಕಥೆ

ಮಾವಶಿ,

ಮಿರಜಿನ ನಿಮ್ಮ ಓಣಿಯವರೆಲ್ಲ ಮರಾಠಿಯಲ್ಲಿ ಹಾಗೆ, ಚಿಕ್ಕಮ್ಮ ಎಂದು, ಕರೆಯುತ್ತಿದ್ದರು, ನಾನೂ ಕರೆದೆ. ಬಂಧುವಲ್ಲ, ಬಳಗವಲ್ಲ. ಆರಗದ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತು, ಮುಂದೆ ಮರಾಠಿಗೆ ಹೋಗಿ, ಈಗ ಕುಪವಾಡದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವವಳು ನಾನು. ನೀವು ಆಯುಷ್ಯವಿಡೀ ಕನ್ನಡ ಕಲಿಸಿ ನಿವೃತ್ತರಾದವರು, ಹರೆಯದಲ್ಲಿ ಪತ್ರಿಕೆಗಳಿಗೆ ಕಥೆ ಬರೆದವರು. ಕಥೆ ಬರೆಯೋದು ಕಲಿಸ್ರಿ ಎಂದು ನಾನು ಬಾಗಿಲಲ್ಲಿ ನಿಂತಾಗ, "ಚಪ್ಪಲ್ ಕಳದು ಒಳಗ ಬಾ. ನನಗ ಕಲಸಾಕ ಬರೂದಿಲ್ಲ, ಕೇಳಾಕ ಬರ್ತದ" ಅಂದಿರಿ. ಅಷ್ಟು ವರ್ಷ ಕಲಿಸಿದವರು ಯಾರಾದರೂ ಹಾಗೆ ಹೇಳುತ್ತಾರೆಯೇ?

ಆ ಮೊದಲ ರವಿವಾರ ನೆನಪಿದೆಯಾ? ತೊಡೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಿರಿ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಸೂರ್ಯನು ಪಶ್ಚಿಮ ದಿಗಂತದಲ್ಲಿ ಅಸ್ತಂಗತನಾಗುತ್ತಿದ್ದನು..." ನೀವು ಕಿಟಕಿಯಾಚೆ ಕಣ್ಣು ಹಾಯಿಸಿದಿರಿ.

"ಇನ್ನೂ ಭಾಳ ಮ್ಯಾಲ ಅದಾನ. ನೀ ಹಿಂಗ ಅವನ್ನ ಮುಳುಗಿಸಕೋತ ಕುಂತ್ರ ನನ್ನ ಊಟಾ ತಪ್ಪತದ ನೋಡವಾ."

ನಿಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುಂಚೆ ಊಟ ಆಗಬೇಕು, ಆಮೇಲೆ ಒಂದು ತುತ್ತೂ ಇಲ್ಲ. ನನ್ನ ಕಥೆ ಮುಗಿಯಲಿ ಬಿಡಲಿ, ಬೆಳಕು ಕೆಂಪಾಗುತ್ತಲೇ ನೀವು ಎದ್ದು ತಾಟು ಹಚ್ಚುತ್ತಿದ್ದಿರಿ. ನನಗೆ ಎಂಥ ಸಿಟ್ಟು! ರೊಟ್ಟಿ ಪಲ್ಲೆಗಿಂತ ಕಡೆಯಾಯಿತೇ ನನ್ನ ಕಥೆ? ಆದರೂ ಮುಂದಿನ ರವಿವಾರ ಬರುವಾಗ ಬಸ್ಸಿನಲ್ಲೇ ಮೊದಲ ಪುಟ ಹರಿದು ಹಾಕಿರುತ್ತಿದ್ದೆ.

ಹೀಗೆ ಬರಿ, ಹಾಗೆ ಬರಿ ಎಂದು ನೀವು ಹೇಳಿದ್ದೇ ಇಲ್ಲ. ನಿಮ್ಮ ಕೈ ನೋಡಿ ಕಲಿತೆ. ಕಥೆ ಸಪ್ಪೆಯಾದಾಗ ಅದು ಚುರುಕಾಗಿ ಹರಳು ಆರಿಸುತ್ತಿತ್ತು, ಜೀವ ಬಂದ ಕಡೆ ನಿಂತುಬಿಡುತ್ತಿತ್ತು. ಒಮ್ಮೆ ಅತ್ತೆ-ಸೊಸೆ ಜಗಳದ ಕಥೆ ಓದಿ ಮುಗಿಸಿದಾಗ ಮೊರದ ಜೋಳವೆಲ್ಲ ಸ್ವಚ್ಛ. "ಇವತ್ತ ಕೆಲಸಾ ಚಲೋ ಆತು" ಅಂದಿರಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಮ್ಮಷ್ಟು ಪ್ರಾಮಾಣಿಕವಾಗಿ ಕೇಳುವವರನ್ನು ನಾನು ಮತ್ತೆಲ್ಲೂ ಕಂಡಿಲ್ಲ ಮಾವಶಿ.

ಸಾಂಗಲಿ-ಮಿರಜಿನಲ್ಲಿ ಕನ್ನಡ ಓದುವವರು ಯಾರು, ಮರಾಠಿಯಲ್ಲಿ ಬರಿ ಎಂದು ನನ್ನ ಗಂಡ ಚೇಷ್ಟೆ ಮಾಡಿದ್ದನ್ನು ನಿಮಗೆ ಹೇಳಿದ್ದೆ. "ಯಾಕ, ನಾ ಇಲ್ಲೇನು? ಮೊದಲ ಒಬ್ಬಾಕಿಗೆ ಹಿಡಸೂ ಹಂಗ ಬರಿ, ಊರಿಗೆ ಆಮ್ಯಾಲ ಬರಿಯಂತಿ" ಅಂದಿರಿ. ಅಂದಿನಿಂದ ನಾನು ಬರೆದದ್ದೆಲ್ಲ ನಿಮ್ಮೊಬ್ಬರಿಗೇ.

ಆಮೇಲೆ ತಾನವ್ವನ ಕಥೆ ತಂದೆ. ಅಣ್ಣನ ಜೊತೆ ಮಾತು ಬಿಟ್ಟು ತವರನ್ನೇ ಮರೆತ ಮುದುಕಿ, ಅವನಿಗೆ ಹುಷಾರಿಲ್ಲವೆಂದು ಕೇಳಿ ತವರೂರು ಕಸಬೆ ಡಿಗ್ರಜದ ಬಸ್ಸು ಹತ್ತುತ್ತಾಳೆ. ಊರು ಬರುತ್ತದೆ, ಬಸ್ಸು ನಿಲ್ಲುತ್ತದೆ. ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಕೂತೇ ಇದ್ದಾಳೆ... ನಾನು ಬರೆದದ್ದು ಅಷ್ಟೇ. ತಲೆ ಎತ್ತಿದರೆ ಮೊರ ಪಕ್ಕಕ್ಕೆ ಸರಿದಿತ್ತು, ಕಿಟಕಿಯಲ್ಲಿ ಕತ್ತಲೆ. ಒಳಗಿನಿಂದ ನಿಮ್ಮ ಸೊಸೆ ಎಷ್ಟು ಸಲ ಕರೆದಿದ್ದರೋ.

"ಅತ್ಯಾ, ಹೊತ್ತ ಮುಳುಗೇತ್ರಿ. ಊಟಾ?"

"ಇವತ್ತಿಲ್ಲ ಬಿಡು," ಅಂದು ನನ್ನ ಕಡೆ ತಿರುಗಿದಿರಿ. "ಇಳದ್ಲೋ ಇಲ್ಲೋ?"

"ಗೊತ್ತಿಲ್ರಿ ಮಾವಶಿ."

"ಹಂಗಾರ ಕುಂತಿರ್ಲಿ. ನನ್ನ ಸಲುವಾಗಿ ಸುಳ್ಳ ಇಳಸಬ್ಯಾಡ. ಗೊತ್ತಾದ ದಿನಾ ಬಂದು ಹೇಳು."

ಆ ದಿನ ನೀವು ಹಸಿದೇ ಮಲಗಿದಿರಿ. ಬಸ್ಸಿನಲ್ಲಿ ನಾನು ಅಳುತ್ತ ನಗುತ್ತ ಮನೆಗೆ ಹೋದೆ. ಇಂಥ ಬಹುಮಾನ ಯಾರಿಗೆ ಸಿಕ್ಕೀತು?

ಎಷ್ಟೋ ರವಿವಾರ ಬಂದವು, ಅಂತ್ಯ ಮಾತ್ರ ಬರಲಿಲ್ಲ. ಮಳೆಗಾಲದಲ್ಲಿ ನಿಮಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ಮಂಚದಿಂದಲೂ "ಇಳದ್ಲೇನು?" ಅಂದಿರಿ. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆಮೇಲೆ ನೀವು...

ಪೆನ್ನು ಮುಟ್ಟಲಿಲ್ಲ ನಾನು. ಯಾರಿಗೆ ಓದಲಿ? ನಿಮ್ಮ ಸೊಸೆ ಫೋನ್ ಮಾಡಿ ಮಾಡಿ ಕರೆದ ಮೇಲೆ, ಕೊನೆಗೆ ಮೊನ್ನೆ ರವಿವಾರ ನನ್ನ ಮಗಳನ್ನು ಕರೆದುಕೊಂಡು ಹೊರಟೆ. ನಿಮ್ಮ ಓಣಿಯ ಸ್ಟಾಪ್ ಬಂತು. ಬಸ್ಸು ನಿಂತಿತು. ಕಾಲು ಏಳಲಿಲ್ಲ ಮಾವಶಿ. ಇಳಿಯದಿದ್ದರೆ ಆ ಮನೆಯಲ್ಲಿ ನೀವು ಇನ್ನೂ ಜೋಳ ಹಸನು ಮಾಡುತ್ತ ಕೂತಿರುತ್ತೀರಿ, ಇಳಿದರೆ ಇಲ್ಲ. ಕಂಬಿ ಬಿಗಿಯಾಗಿ ಹಿಡಿದೆ. ಕನ್ನಡ ತಿಳಿದರೂ ಮರಾಠಿಯಲ್ಲೇ ಮಾತಾಡುವ ಮಗಳು ತೋಳು ಅಲ್ಲಾಡಿಸಿದಳು: "ಆಯೀ, ಉತರಾಯಚಂ ನಾ?" ಇಳಿಯಬೇಕಲ್ಲವಾ ಎಂದು. ಆಗ ತಾನವ್ವ ಏನು ಮಾಡಿದಳೆಂದು ನನಗೆ ಗೊತ್ತಾಯಿತು.

ಕಂಬಿ ಬಿಟ್ಟು, ಮಗಳ ಕೈ ಹಿಡಿದು ಇಳಿದೆ. ನಿಮ್ಮ ಕಟ್ಟೆಯ ಮೇಲೆಯೇ ಕೂತು ಉಳಿದದ್ದನ್ನು ಬರೆದೆ. ನಿಮ್ಮ ಸೊಸೆಗೂ ನನ್ನ ಮಗಳಿಗೂ ಓದಿದೆ. ಮಗಳು ಫೋನ್ ಕೆಳಗಿಟ್ಟು ಕೇಳಿದಳು. ಈಗ ನಿಮಗೆ ಹೇಳುತ್ತಿದ್ದೇನೆ, ಸುಳ್ಳು ಇಳಿಸಿಲ್ಲ.

ಇಳದ್ಲರಿ ಮಾವಶಿ. ಇನ್ನೂ ಬೆಳಕದ, ಏಳ್ರಿ, ಊಟಾ ಮಾಡ್ರಿ.

ನಿಮ್ಮ
ಸುರೇಖಾ