ಅಳೆಯದ ಕೋನಕ್ಕೆ ಬರೆದ ಸೊನ್ನೆ

ಚಂದ್ರನ ದಕ್ಷಿಣದ ಹಳ್ಳ, ನಾವು ಇಲ್ಲಿ ಒಕ್ಕಲಾದ ವರ್ಷ ೨೧೭, ನಮ್ಮ ಪಂಚಾಂಗದ ಹದಿಮೂರನೇ ತಿಂಗಳ ಮೂವತ್ತೆರಡನೇ ತಾರೀಖು.

ಪ್ರೊಫೆಸರ್ ವೃಷಭೇಂದ್ರಪ್ಪನವರಿಗೆ,

ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ನಾನು ನಿಮ್ಮ ವಂಶದ ಒಂಬತ್ತನೇ ತಲೆಮಾರಿನವಳು, ಗುರುಸಿದ್ದವ್ವ. ಅಜ್ಜ ಎಂದು ಕರೆಯಲು ಬಾಯಿ ಬರುತ್ತಿಲ್ಲ.

ನಮ್ಮೂರಲ್ಲಿ ಬಿಸಿಲುಪಾರಾ ಎಂಬ ಕೆಲಸವಿದೆ. ಇಲ್ಲಿ ಗಾಳಿಯಿಲ್ಲ, ಸೂರ್ಯ ಕೆರಳಿದರೆ ಪ್ರೋಟಾನುಗಳು ನೇರವಾಗಿ ಬಂದು ಬಡಿಯುತ್ತವೆ. ಒಬ್ಬರು ಕುರ್ಚಿಯಲ್ಲಿ ಕೂತು, ಅವು ಹೆಚ್ಚಿದೊಡನೆ ಗಂಟೆ ಬಾರಿಸಬೇಕು. ಒಲೆಯ ಮೇಲಿನ ಅಂಬಲಿಯನ್ನು ಹಾಗೇ ಬಿಟ್ಟು, ಕೂಸನ್ನು ಕಂಕುಳಿಗೇರಿಸಿಕೊಂಡು ನಾವೆಲ್ಲ ನೆಲಮಾಳಿಗೆಗೆ ಓಡುತ್ತೇವೆ. ಪ್ರೋಟಾನುಗಳು ಕುರ್ಚಿಯ ಹಿಂದಿನ ಸೀಳಿನಿಂದ ಬಂದು, ತಲೆಯ ಮೇಲೆ ಹಾದು, ಎದುರಿನ ಲಿಥಿಯಂ ಗೋಡೆಗೆ ಬಡಿಯುತ್ತವೆ. ಬಡಿತ ಹೆಚ್ಚಿದರೆ ಗೋಡೆಯ ಮುಳ್ಳು ಏರುತ್ತದೆ, ಕೂತವರ ಕಣ್ಣು ಅದರ ಮೇಲೇ ಇರಬೇಕು. ಗೋಡೆಯಿಂದ ಹಿಂದಕ್ಕೆ ಚಿಮ್ಮುವುದಿಲ್ಲ ಎಂದು, ಲಿಥಿಯಂನಿಂದ ಯಾವ ಕೋನಕ್ಕೆ ಎಷ್ಟು ಪ್ರೋಟಾನು ಚಿಮ್ಮುತ್ತವೆಂದು ನೀವು ಬರೆದಿಟ್ಟ ಪಟ್ಟಿ ಹೇಳುತ್ತದೆ. ಅದನ್ನು ನಂಬಿಯೇ ಹಿರಿಯರು ಕುರ್ಚಿಯನ್ನು ಅಲ್ಲಿ ಹಾಕಿದರು.

ನನ್ನ ತಂಗಿ ಪಂಪವ್ವ ಹನ್ನೊಂದು ವರ್ಷ ಅಲ್ಲಿ ಕೂತಳು. ಈಗ ಎರಡೂ ಕಣ್ಣಿಗೆ ಪೊರೆ. ತೆಗೆಯುವ ವೈದ್ಯರು ಇಲ್ಲಿಲ್ಲ. ಮೊನ್ನೆ ನನ್ನ ಕೆನ್ನೆ ಸವರಿ, "ಎಷ್ಟ್ ಸೊರಗೀಯಬೇ ಅಕ್ಕಾ, ಯಾರೂ ಹೇಳಲೇ ಇಲ್ಲಲ್ಲ" ಅಂದಳು.

ನಿಮ್ಮ ಪ್ರಯೋಗದ ನೋಟ್‌ಬುಕ್ ನನ್ನ ಹತ್ತಿರವಿದೆ. ಚಿಮ್ಮಿದ ಪ್ರೋಟಾನುಗಳನ್ನು ಎಣಿಸುವ ಯಂತ್ರದ ತೋಳು ನೂರ ನಲವತ್ತು ಡಿಗ್ರಿ ದಾಟದಂತೆ ಕಬ್ಬಿಣದ ಬೀರು ಅಡ್ಡವಿತ್ತು. ಅದನ್ನು ಸರಿಸಲು ಸ್ಟೋರ್ ವಿಭಾಗದ ಸಹಿ ಬೇಕಿತ್ತು. ನೀವು ಸಹಿಗೆ ಅಲೆಯಲಿಲ್ಲ. ಅಲ್ಲಿಂದ ನೂರ ಎಂಬತ್ತರವರೆಗೆ, ಅಂದರೆ ನೇರ ಹಿಂದಕ್ಕೆ ಚಿಮ್ಮುವ ಕೋನದವರೆಗೆ, ನಕ್ಷೆಯ ಗೆರೆಯನ್ನು ಪೆನ್ಸಿಲಿನಲ್ಲಿ ಇಳಿಸಿ ಸೊನ್ನೆಗೆ ಮುಟ್ಟಿಸಿದಿರಿ. ಲಿಥಿಯಂನ ನ್ಯೂಕ್ಲಿಯಸ್ ಒಂದೇ ಸಮನಾದ ಉಂಡೆ ಎಂದು ನಿಮ್ಮ ನಂಬಿಕೆ. ಉಂಡೆಯಲ್ಲ ಸ್ವಾಮಿ. ನಾಲ್ಕು ಕಣಗಳ ಬಿಗಿಯಾದ ಗುಂಪು, ಎರಡು ಕಣಗಳ ಇನ್ನೊಂದು ಗುಂಪು, ಎರಡೂ ಸಡಿಲವಾಗಿ ಅಂಟಿಕೊಂಡಿವೆ. ಬಂದ ಪ್ರೋಟಾನು ಒಳಗಿನವುಗಳೊಂದಿಗೆ ಜಾಗ ಬದಲಿಸಿದರೆ ಹಿಂದಕ್ಕೆ ಚಿಮ್ಮುವವು ಹೆಚ್ಚುತ್ತವೆ. "ಕೊನೆಯ ಮೂರು ಬಿಂದುಗಳು ಮೇಲೇರುತ್ತಿವೆ, ಯಂತ್ರದ ದೋಷವಿರಬೇಕು, ಕೈಬಿಟ್ಟಿದೆ" ಎಂದು ನೀವೇ ಬರೆದಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಿಮ್ಮ ಸೋಮಾರಿತನಕ್ಕೆ ಬರೆ ಬಿದ್ದದ್ದು ಪಂಪವ್ವನಿಗೆ.

ಕುರ್ಚಿ ತೆಗೆಸಿ ಎಂದು ಪಂಚಾಯತಿಗೆ ನಾಲ್ಕು ಸಲ ಹೋದೆ. "ಹಿರೀಕರ ಪಟ್ಟಿ ಸುಳ್ಳಾಕ್ಕೈತೇನವಾ? ನಿಮ್ಮ ಮನೆತನದ ಕಣ್ಣೇ ಅಷ್ಟು" ಅಂದರು. ಹಿಂದಕ್ಕೆ ಚಿಮ್ಮುವುದನ್ನು ಅಳೆದು ತೋರಿಸಲು ಇಲ್ಲಿ ನಿಮ್ಮಂಥ ಯಂತ್ರವಿಲ್ಲ.

ನಿಮ್ಮಿಂದ ದೊಡ್ಡದೇನನ್ನೂ ಕೇಳುತ್ತಿಲ್ಲ. ಆ ಸೊನ್ನೆಯನ್ನು ಅಳಿಸಿ "ಅಳೆದಿಲ್ಲ" ಎಂದು ಬರೆಯಿರಿ. ಅಷ್ಟಿದ್ದಿದ್ದರೆ ಅಲ್ಲಿ ಕುರ್ಚಿ ಹಾಕುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ನಿಮಗೆ ನಮಸ್ಕಾರ ಬರೆಯುವುದಿಲ್ಲ. ಇವತ್ತಿನಿಂದ ಪಾಳಿ ನನ್ನ ಮಗಳದು, ಹದಿನೇಳು ವರ್ಷದವಳು. ಕುರ್ಚಿಯಲ್ಲಿ ಕೂರುವ ಮುಂಚೆ ನಿಮ್ಮ ಪಟ್ಟಿಯನ್ನು ಕಣ್ಣಿಗೊತ್ತಿಕೊಳ್ಳುವುದು ಇಲ್ಲಿನ ಪದ್ಧತಿ. ಅವಳು ಕೈ ತೊಳೆದುಕೊಂಡು ನಿಂತಿದ್ದಾಳೆ.